ಅತ್ತೆಯ ಸೀರೆ ಉಟ್ಟರೆ ಆಕಳು ಹಾಲು ಕೊಡುತ್ತದೆಯೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲಿ ಗೌರಿ ಎಂಬ ಜರ್ಸಿ ಮಿಶ್ರತಳಿ ಆಕಳಿದೆ. ಎರಡು ಮಲೆನಾಡು ಗಿಡ್ಡ ತಳಿಯ ಆಕಳುಗಳೂ ಇವೆ. ಇಷ್ಟು ವರ್ಷ ಹಾಲು ಕರೆಯುತ್ತಿದ್ದವರು ಅತ್ತೆಯವರು. ಅವರು ಕಾಲು ಮುರಿದುಕೊಂಡು ಹುಬ್ಬಳ್ಳಿಯ ಮಗಳ ಮನೆಯಲ್ಲಿದ್ದಾರೆ. ಈಗ ನಾನು ಕೂತರೆ ಗೌರಿ ಒದೆಯುತ್ತದೆ, ಹಾಲು ಏರಿಸಿಕೊಳ್ಳುತ್ತದೆ. ನಮ್ಮನೆಯವರ ಮಾತು ಕೇಳಿ ಅತ್ತೆಯ ಹಳೇ ಸೀರೆ ಉಟ್ಟು ಹೋದೆ. ಒದೆಯಲಿಲ್ಲ, ಆದರೆ ಹಾಲು ಅರ್ಧ ಮಾತ್ರ ಸಿಕ್ಕಿತು. ಆಕಳು ಮನುಷ್ಯರನ್ನು ಯಾವುದರಿಂದ ಗುರುತಿಸುತ್ತದೆ? ಅತ್ತೆಯ ಧ್ವನಿಯನ್ನು ಫೋನಿನಲ್ಲಿ ಕೇಳಿಸಿದರೆ ಆದೀತೇ? ಇನ್ನೊಂದು ವಿಚಿತ್ರ. ನಮ್ಮ ನಾಯಿ ಬೆಂಗಳೂರಿನಿಂದ ಬಂದ ಮೈದುನನನ್ನು ನೋಡಿ ಜೋರಾಗಿ ಬೊಗಳಿತು, ಆಮೇಲೆ ಅವನ ಕಾಲಿಗೇ ಬಿದ್ದು ಹೊರಳಾಡಿತು. ಅದಕ್ಕೆ ಮೊದಲು ಗುರುತು ಸಿಗಲಿಲ್ಲವೇ?

ಉತ್ತರ: ಸೀರೆಯ ಉಪಾಯವನ್ನು ನಿಮ್ಮ ಯಜಮಾನರು ಸುಮ್ನೆ ಹೇಳಿದ್ದಲ್ಲ ತಂಗಿ. ಘಟ್ಟದ ಮೇಲೆ ಇದನ್ನು ಮಾಡಿ ನೋಡಿದ ಮನೆಗಳು ಬಹಳ ಇವೆ. ಹೆಂಡತಿ ತವರಿಗೆ ಹೋದಾಗ ಅವರ ಸೀರೆಯನ್ನು ಲುಂಗಿಯ ಮೇಲೆ ಸುತ್ತಿಕೊಂಡು ಕೊಟ್ಟಿಗೆಗೆ ಹೊರಟ ಗಂಡಸರನ್ನೂ ನಾನು ಕಂಡಿದ್ದೇನೆ. ನಗಬೇಡಿ, ಅವರಿಗೂ ನಿಮ್ಮ ಹಾಗೆ ಅರ್ಧ ಹಾಲು ಸಿಗುತ್ತಿತ್ತು.

ಗೌರಿ ನಿಮ್ಮನ್ನು ಅತ್ತೆ ಎಂದುಕೊಂಡು ಮೋಸಹೋಗಿದೆ ಎಂದು ನನಗೆ ಅನಿಸುವುದಿಲ್ಲ. ಅದರ ತಲೆಯಲ್ಲಿ ಅತ್ತೆಯವರು ಅಂದರೆ ಹಲವು ಗುರುತುಗಳ ಒಂದು ಕಟ್ಟು. ಮೈಯ ವಾಸನೆ, ಮಾತಿನ ಧಾಟಿ, ಬಳೆಯ ಸದ್ದು, ನಡೆಯುವ ರೀತಿ, ಎತ್ತರ, ಬರುವ ಹೊತ್ತು, ಕೂರುವ ಬದಿ, ಮೊಲೆ ಹಿಡಿಯುವ ಬಿಗಿ ಎಲ್ಲವೂ ಅದರಲ್ಲಿ ಸೇರಿವೆ. ಸೀರೆ ಉಟ್ಟಾಗ ನೀವು ಅದರಲ್ಲಿ ಒಂದೆರಡನ್ನು ತಂದುಕೊಟ್ಟಿರಿ. ಹೆದರಿಕೆ ಕಡಿಮೆಯಾಯಿತು, ಒದೆತ ನಿಂತಿತು. ಉಳಿದವು ಹೊಂದಲಿಲ್ಲ. ಹಾಗಾಗಿ ಹಾಲು ಪೂರ್ತಿ ಇಳಿಯಲಿಲ್ಲ.

ಈ ಗುರುತುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ವಿಜ್ಞಾನಿಗಳು ಪರೀಕ್ಷೆ ಮಾಡಿ ನೋಡಿದ್ದಾರೆ. 1997ರಲ್ಲಿ ಡೆನ್ಮಾರ್ಕಿನಲ್ಲಿ ಒಂದು ಪ್ರಯೋಗ ನಡೆಯಿತು. ಒಬ್ಬರು ಆಕಳ ಜೊತೆ ಮೃದುವಾಗಿ ನಡೆದುಕೊಳ್ಳುವುದು, ಇನ್ನೊಬ್ಬರು ಒರಟಾಗಿ ನಡೆದುಕೊಳ್ಳುವುದು. ಇಬ್ಬರ ಮೇಲಂಗಿಯ ಬಣ್ಣ ಬೇರೆ ಬೇರೆ. ಆಕಳುಗಳು ಒರಟು ಮನುಷ್ಯನಿಂದ ದೂರ ನಿಲ್ಲಲು ಬೇಗನೆ ಕಲಿತವು. ಹಾಗೆ ಗುರುತಿಸುವುದರಲ್ಲಿ ಬಟ್ಟೆಯ ಬಣ್ಣಕ್ಕೆ ದೊಡ್ಡ ಪಾಲಿತ್ತು. ನಿಮ್ಮ ಅತ್ತೆಯ ಸೀರೆ ಕೆಲಸ ಮಾಡಿದ್ದು ಇದೇ ಕಾರಣಕ್ಕೆ. 2001ರಲ್ಲಿ ಕೆನಡಾದವರು ಇನ್ನೂ ಸ್ವಲ್ಪ ಮುಂದೆ ಹೋದರು. ಇಬ್ಬರಿಗೂ ಒಂದೇ ಬಣ್ಣದ ಬಟ್ಟೆ ತೊಡಿಸಿದರು. ಆಗಲೂ ಆಕಳುಗಳು ಇವರು ಬೇರೆ, ಅವರು ಬೇರೆ ಎಂದು ಕಂಡುಹಿಡಿದವು. ಮುಖ ಮತ್ತು ಮೈಯ ಎತ್ತರ ಎರಡೂ ಅವಕ್ಕೆ ಗುರುತಾಗಿದ್ದವು. ಅಂದರೆ ಬಟ್ಟೆ ಸುಲಭದ ಗುರುತು, ಕೊನೆಯ ಗುರುತಲ್ಲ.

ಆಕಳ ಕಣ್ಣಿನ ಬಗ್ಗೆ ಎರಡು ಮಾತು. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ನಿಂತಲ್ಲೇ ಸುಮಾರು 330 ಡಿಗ್ರಿ ಸುತ್ತ ಕಾಣುತ್ತದೆ. ಸರಿಯಾಗಿ ಬೆನ್ನ ಹಿಂದಿನ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಆದರೆ ನಮ್ಮಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಬಣ್ಣ ಹಿಡಿಯುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆ, ಅದರ ಕಣ್ಣಿನಲ್ಲಿ ಎರಡೇ ಬಗೆ. ಮುಖದ ಸಣ್ಣಪುಟ್ಟ ವಿವರಗಳಿಗಿಂತ ಆಕಾರವನ್ನೂ ಚಲನೆಯನ್ನೂ ಅದು ಬೇಗ ಹಿಡಿಯುತ್ತದೆ. ಜೂನ್ ತಿಂಗಳಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಕೊಟ್ಟಿಗೆಗೆ ಹೊಕ್ಕರೆ ಸಾಕಿದ ಆಕಳೇ ಬುಸ್ ಅನ್ನುತ್ತದೆ, ಅಲ್ವಾ? ಮನುಷ್ಯನ ಆಕಾರ ಬದಲಾಗಿದೆ, ಜೊತೆಗೆ ಪ್ಲಾಸ್ಟಿಕ್ ಸರಸರ ಸದ್ದು ಮಾಡುತ್ತದೆ. ಕೊಪ್ಪೆಯನ್ನು ಬಾಗಿಲಲ್ಲೇ ತೆಗೆದಿಟ್ಟು ಒಳಗೆ ಹೋಗಿ.

ಕಿವಿ ಇನ್ನೂ ಚುರುಕು. ನಮಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ಆಕಳಿಗೆ ಸುಮಾರು 35,000ದವರೆಗೂ ಕೇಳಿಸುತ್ತದೆ. ಸ್ಟೀಲ್ ಚೆಂಬು ನೆಲಕ್ಕೆ ತಾಗಿದ ಸದ್ದು ನಮಗಿಂತ ಅದಕ್ಕೆ ಕರ್ಕಶ. ಬಳೆಯ ಸದ್ದನ್ನು ನಾನು ಸುಮ್ಮನೆ ಹೇಳಲಿಲ್ಲ. ನಿಮ್ಮ ಅತ್ತೆಯವರು ಗಾಜಿನ ಬಳೆ ತೊಡುವವರಾಗಿದ್ದರೆ ಆ ಕಿಣಿಕಿಣಿ ಮತ್ತು ಹಾಲು ಇಳಿಸುವುದು, ಇವೆರಡೂ ಗೌರಿಯ ಪಾಲಿಗೆ ಎಷ್ಟೋ ವರ್ಷಗಳಿಂದ ಜೊತೆಯಾಗಿಯೇ ಬಂದಿವೆ.

ವಾಸನೆಯ ವಿಷಯ ದೊಡ್ಡದು. ಅತ್ತೆಯವರ ಸೀರೆಯನ್ನು ನೀವು ಸೋಪು ಹಾಕಿ ಒಗೆದು ಉಟ್ಟಿರೋ, ಇದ್ದ ಹಾಗೇ ಉಟ್ಟಿರೋ? ಒಗೆದಿದ್ದರೆ ಅದರ ಮುಖ್ಯ ಗುರುತೇ ನೀರಿನಲ್ಲಿ ಹೋಗಿರುತ್ತದೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ಮಂಗನ ಕಾಯಿಲೆಯ ಭಯವಿರುವ ಊರುಗಳಲ್ಲಿ ಬೆಟ್ಟಕ್ಕೆ ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚುತ್ತಾರೆ. ಹಚ್ಚಲೇಬೇಕು, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಅದೇ ಕೈಯಲ್ಲಿ ಹಾಲು ಕರೆಯಲು ಕೂತರೆ ಆಕಳು ಮೂಸಿ ಮೂಸಿ ಹಿಂದೆ ಸರಿಯುತ್ತದೆ. ಅಡಿಕೆಗೆ ಬೋರ್ಡೋ ಔಷಧ ಹೊಡೆದು ಬಂದವರ ಗತಿಯೂ ಇದೇ. ಕೈಯನ್ನು ಚೆನ್ನಾಗಿ ತೊಳೆದುಕೊಳ್ಳಿ. ಪ್ರತಿ ವಾರ ಬೇರೆ ಬೇರೆ ವಾಸನೆಯ ಸೋಪು ಬಳಸಬೇಡಿ.

ಈಗ ನಿಮ್ಮ ಅರ್ಧ ಹಾಲಿನ ಲೆಕ್ಕಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು.

ಕೆಚ್ಚಲಲ್ಲಿ ಹಾಲು ಇದ್ದರೂ ಅದರ ಬಹುಪಾಲು ತಾನಾಗಿ ಮೊಲೆಗೆ ಬರುವುದಿಲ್ಲ. ಕರು ಬಾಯಿ ಹಾಕಿದಾಗ, ಕೆಚ್ಚಲು ತೊಳೆದು ನೀವಿದಾಗ, ಕೆಲವೊಮ್ಮೆ ಪರಿಚಿತ ಚೆಂಬಿನ ಸದ್ದು ಕೇಳಿದಾಗಲೂ ಆಕಳ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಿಡುಗಡೆಯಾಗುತ್ತದೆ. ಒಂದು ನಿಮಿಷದ ಆಸುಪಾಸಿನಲ್ಲಿ ಅದು ಕೆಚ್ಚಲನ್ನು ತಲುಪಿ, ಹಾಲಿನ ಗ್ರಂಥಿಗಳ ಸುತ್ತಲಿನ ಸಣ್ಣ ಸ್ನಾಯುಗಳನ್ನು ಹಿಂಡುತ್ತದೆ. ಇದನ್ನೇ ನಾವು ತೊರೆ ಬಿಡುವುದು ಎನ್ನುತ್ತೇವೆ. ಈ ಹಾರ್ಮೋನಿನ ಕೆಲಸ ಕೆಲವೇ ನಿಮಿಷ. ಅಷ್ಟರೊಳಗೆ ಕರೆದು ಮುಗಿಸಬೇಕು. ಆಕಳು ಹೆದರಿದರೆ ಅಡ್ರಿನಲಿನ್ ಏರುತ್ತದೆ, ಕೆಚ್ಚಲಿಗೆ ಹೋಗುವ ರಕ್ತನಾಳಗಳು ಬಿಗಿಯಾಗುತ್ತವೆ, ಆಕ್ಸಿಟೋಸಿನ್ ತನ್ನ ಜಾಗಕ್ಕೆ ಸರಿಯಾಗಿ ತಲುಪುವುದಿಲ್ಲ. ತೀರಾ ಗಾಬರಿಯಾದರೆ ಮಿದುಳು ಅದನ್ನು ಬಿಡುಗಡೆ ಮಾಡುವುದೇ ಕಡಿಮೆ. ಹಾಲು ಏರಿಸಿಕೊಂಡಿತು ಎಂದು ನಾವು ಬೈಯುತ್ತೇವೆ. ಆಕಳು ಬೇಕಂತ ಮಾಡುವುದಲ್ಲ ಅದು. ಸಿಟ್ಟು ಮಾಡಿಕೊಂಡು ನೀವು ಒಂದು ಏಟು ಹಾಕಿದರೆ ನಾಳೆಯ ಹಾಲೂ ಹೋಯಿತು ಎಂದೇ ತಿಳಿಯಿರಿ.

ಇದಕ್ಕೆ ಲೆಕ್ಕವೂ ಇದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿಂದೆ ಒರಟಾಗಿ ನಡೆದುಕೊಂಡಿದ್ದ ವ್ಯಕ್ತಿ ಹಾಲು ಕರೆಯುವಾಗ ಹತ್ತಿರ ಬಂದು ನಿಂತರೆ ಸಾಕು, ಕೆಚ್ಚಲಲ್ಲೇ ಉಳಿದುಹೋಗುವ ಹಾಲು 70 ಶೇಕಡಾದಷ್ಟು ಜಾಸ್ತಿಯಾಯಿತು. ಆತ ಆಗ ಏನೂ ಮಾಡಲಿಲ್ಲ, ನಿಂತದ್ದಷ್ಟೇ. ಗುರುತು ಹಿಡಿಯುವುದು ಆಕಳಿಗೆ ಬರೀ ಮೆದುಳಿನ ಕೆಲಸವಲ್ಲ, ಕೆಚ್ಚಲಿನವರೆಗೂ ಇಳಿಯುತ್ತದೆ.

ನಮ್ಮಂಥ ಪಶುವೈದ್ಯರನ್ನು ಕೇಳಿ, ಚೆನ್ನಾಗಿ ಹೇಳುತ್ತೇವೆ. ಒಮ್ಮೆ ಸೂಜಿ ಚುಚ್ಚಿ ಬಂದ ಮನೆಗೆ ಮತ್ತೆ ಹೋದರೆ ಅಂಗಳದಲ್ಲಿ ಸ್ಕೂಟರ್ ಸದ್ದು ಕೇಳಿದ ಕೂಡಲೇ ಕೊಟ್ಟಿಗೆಯಲ್ಲಿ ಗದ್ದಲ ಶುರು. ಸ್ಪಿರಿಟ್ಟಿನ ವಾಸನೆ ನಮ್ಮ ಅಂಗಿಯಿಂದ ಹೋಗುವುದೇ ಇಲ್ಲ. ವರ್ಷವಿಡೀ ಹಿಂಡಿ ಹಾಕಿದವರನ್ನು ಕಲಿಯಲು ಆಕಳಿಗೆ ದಿನಗಳು ಬೇಕು. ನೋವು ಮಾಡಿದವರನ್ನು ಕಲಿಯಲು ಒಂದೇ ಸಲ ಸಾಕು. ಕಾಡಿನಲ್ಲಿ ಮೇಯುವ ಪ್ರಾಣಿಗೆ ಅಪಾಯವನ್ನು ಬೇಗ ನೆನಪಿಡುವುದು ಜೀವ ಉಳಿಸುವ ವಿದ್ಯೆ. ನಿಮ್ಮ ಗಿಡ್ಡಗಳಲ್ಲಿ ಇದು ಇನ್ನೂ ಜಾಸ್ತಿ ಕಾಣುತ್ತದೆ. ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಸಂಜೆ ಬರುವ ಅವು ಮನುಷ್ಯರ ಕೈಗೆ ಸಿಗುವುದೇ ಕಡಿಮೆ. ಕರುವಾಗಿದ್ದಾಗಲೇ ಮೈ ಸವರಿ ಮಾತಾಡಿಸಿ ಬೆಳೆಸಿದ ಗಿಡ್ಡ ಮಾತ್ರ ದೊಡ್ಡದಾದ ಮೇಲೂ ಹತ್ತಿರ ಬಿಟ್ಟುಕೊಳ್ಳುತ್ತದೆ.

ಹೆಸರು ಹಿಡಿದು ಕೂಗುವುದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಇಬ್ಬರು 516 ಹೈನುಗಾರರನ್ನು ಕೇಳಿ, ಹೆಸರಿಟ್ಟು ಕೂಗುವ ಮನೆಗಳಲ್ಲಿ ಆಕಳು ವರ್ಷಕ್ಕೆ 258 ಲೀಟರ್ ಜಾಸ್ತಿ ಹಾಲು ಕೊಡುತ್ತದೆ ಎಂದು 2009ರಲ್ಲಿ ಪ್ರಕಟಿಸಿದರು. ಅದಕ್ಕೆ ಅದೇ ವರ್ಷ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಬಂತು. ನನಗೆ ಆ ಲೆಕ್ಕದ ಮೇಲೆ ಪೂರ್ತಿ ನಂಬಿಕೆಯಿಲ್ಲ. ಹೆಸರಿಡುವವರು ಸಾಮಾನ್ಯವಾಗಿ ಒಂದೊಂದು ಆಕಳ ಮೇಲೂ ಕಣ್ಣಿಟ್ಟಿರುತ್ತಾರೆ, ಹೊತ್ತಿಗೆ ಸರಿಯಾಗಿ ಮೇವು ಹಾಕುತ್ತಾರೆ, ಬಡಿಯುವುದಿಲ್ಲ. ಹಾಲು ಹೆಚ್ಚಾದದ್ದು ಹೆಸರಿನಿಂದಲೋ ಆರೈಕೆಯಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಕೂಗಿಗೆ ಬರುವುದು ನಿಜ. ಯಲ್ಲಾಪುರ, ಮುಂಡಗೋಡದ ಗೌಳಿ ದಡ್ಡಿಗಳಲ್ಲಿ (ಎಮ್ಮೆ ಸಾಕುವ ಗೌಳಿಗರ ಕೇರಿಗಳಲ್ಲಿ) ಸಂಜೆ ಒಬ್ಬರು ಕೂಗಿದರೆ ಆ ಮನೆಯ ಎಮ್ಮೆ ತಲೆ ಎತ್ತುತ್ತದೆ, ಪಕ್ಕದ ಮನೆಯದು ಮೇಯುತ್ತಲೇ ಇರುತ್ತದೆ.

ಫೋನಿನ ಉಪಾಯಕ್ಕೆ ಬರುತ್ತೇನೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ 2020ರಲ್ಲಿ ಪಡ್ಡೆಗಳ, ಅಂದರೆ ಇನ್ನೂ ಕರು ಹಾಕದ ಎಳೆಯ ಆಕಳುಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕುತ್ತಿಗೆ ಸವರುತ್ತಾ ಒಮ್ಮೆ ಎದುರೇ ನಿಂತು ಮೆಲ್ಲಗೆ ಮಾತಾಡುವುದು, ಇನ್ನೊಮ್ಮೆ ಅದೇ ಧ್ವನಿಯ ರೆಕಾರ್ಡಿಂಗ್ ಹಾಕುವುದು. ಎರಡರಲ್ಲೂ ಪಡ್ಡೆಗಳು ಹಾಯಾಗಿದ್ದವು. ಆದರೆ ಎದುರಿದ್ದವರ ಬಾಯಿಮಾತಿಗೆ ಹೆಚ್ಚು ಹಾಯೆನಿಸಿತು. ಹಾಗಾಗಿ ಅತ್ತೆಯ ಧ್ವನಿ ಕೇಳಿಸಿದರೆ ಗೌರಿ ಕಿವಿ ನಿಮಿರಿಸೀತು, ಹಾನಿಯೇನೂ ಇಲ್ಲ. ಆದರೆ ಧ್ವನಿ ಇದೆ, ಮನುಷ್ಯ ಕಾಣುವುದಿಲ್ಲ ಎಂದರೆ ಅದು ಬಾಗಿಲ ಕಡೆ ನೋಡುತ್ತಾ ನಿಂತುಬಿಡಬಹುದು. ಅದಕ್ಕಿಂತ ಒಳ್ಳೆಯ ಉಪಯೋಗ ಹೇಳುತ್ತೇನೆ. ಫೋನ್ ಮಾಡಿ ಅತ್ತೆಯವರನ್ನೇ ಕೇಳಿ: ಕೂರುವ ಮೊದಲು ಗೌರಿಗೆ ಏನು ಹೇಳುತ್ತಿದ್ದರು? ಎಡಕ್ಕೆ ಕೂರುತ್ತಿದ್ದರೋ ಬಲಕ್ಕೋ? ಮೊದಲು ಯಾವ ಮೊಲೆ ಹಿಡಿಯುತ್ತಿದ್ದರು? ಹಿಂಡಿ ಮುಂಚೆಯೋ, ಕರೆಯುವಾಗಲೋ? ಕರುವನ್ನು ಎಷ್ಟು ಹೊತ್ತು ಬಿಡುತ್ತಿದ್ದರು? ಎಷ್ಟೋ ವರ್ಷದ ಅಭ್ಯಾಸ ಅವರ ಕೈಯಲ್ಲಿದೆ, ಕೇಳದೇ ಇದ್ದರೆ ಅವರಿಗೂ ಹೇಳಲು ಹೊಳೆಯುವುದಿಲ್ಲ.

ಆ ಮೇಲೆ ಆ ಗುರುತುಗಳ ಕಟ್ಟನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಬೇಕು. ಕೆಲವು ದಿನ ಮನೆಯಲ್ಲಿ ಬೇರೆ ಯಾರಾದರೂ ಕರೆಯಬಲ್ಲವರಿದ್ದರೆ ಅವರು ಕರೆಯಲಿ. ನೀವು ಅಕ್ಕಚ್ಚು, ಹಿಂಡಿ, ಹಸಿಹುಲ್ಲು ಮಾತ್ರ ಕೊಡಿ. ಕೊಡುವಾಗ ಒಂದೇ ಮಾತು, ಒಂದೇ ಧಾಟಿ. ಹಣೆ ಮುಟ್ಟಬೇಡಿ, ಹೆಚ್ಚಿನ ಆಕಳುಗಳಿಗೆ ಅದು ಸೇರುವುದಿಲ್ಲ. ಕುತ್ತಿಗೆಯ ಕೆಳಗೆ, ಗಂಗೆದೊಗಲಿನ ಹತ್ತಿರ ಸವರಿ. ಆಕಳುಗಳು ಒಂದನ್ನೊಂದು ನೆಕ್ಕುವುದೂ ಹೆಚ್ಚಾಗಿ ಅಲ್ಲೇ. ಅದು ಕತ್ತು ಚಾಚಿ, ಕಿವಿ ಇಳಿಬಿಟ್ಟು ನಿಂತರೆ ನೀವು ಪಾಸಾದಿರಿ. ಆಮೇಲೆ ಸೀರೆಯ ಸರದಿ. ಒಗೆಯದ ಅತ್ತೆಯ ಸೀರೆಯನ್ನು ಮೊದಲು ಉಟ್ಟುಕೊಳ್ಳಿ, ಸ್ವಲ್ಪ ದಿನದ ಮೇಲೆ ಸೊಂಟಕ್ಕೆ ಒಂದು ತುಂಡು ಸುತ್ತಿಕೊಂಡರೆ ಸಾಕು, ಕೊನೆಗೆ ಅದೂ ಬೇಡ. ಕೂರುವ ಮೊದಲು ಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದು, ಒರೆಸಿ, ಕರು ಬಿಟ್ಟು, ತೊರೆ ಬಿಟ್ಟ ಕೂಡಲೇ ತಡಮಾಡದೆ ಕರೆಯಿರಿ. ಆ ಹೊತ್ತಿನಲ್ಲಿ ಮಕ್ಕಳ ಗಲಾಟೆ, ನಾಯಿ ಬೇಡ. ಉಗುರು ಕತ್ತರಿಸಿರಬೇಕು. ಪಕ್ಕದ ಮನೆಯವರು ಹಾಲಿಳಿಸುವ ಇಂಜೆಕ್ಷನ್ ಬಗ್ಗೆ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದರ ರೂಢಿಯಾದ ಆಕಳು ಸೂಜಿಯಿಲ್ಲದೆ ಹಾಲು ಇಳಿಸದ ಹಾಗೆ ಆಗಿಬಿಡುತ್ತದೆ.

ಅತ್ತೆಯವರು ವಾಪಸು ಬಂದಾಗ ಗೌರಿ ಅವರನ್ನು ಮರೆತಿರುತ್ತದೆಯೇ ಎಂಬ ಚಿಂತೆ ಬೇಡ. ಫ್ರಾನ್ಸಿನಲ್ಲಿ 2020ರಲ್ಲಿ ಕುದುರೆಗಳಿಗೆ ಪರದೆಯ ಮೇಲೆ ಫೋಟೋ ತೋರಿಸಿದಾಗ, ಆರು ತಿಂಗಳಿನಿಂದ ಕಾಣದಿದ್ದ ಹಳೆಯ ಪಾಲಕರ ಮುಖವನ್ನೂ ಅವು ಗುರುತಿಸಿದವು. ಕುರಿಗಳಂತೂ ಬೇರೆ ಕುರಿಗಳ 50 ಮುಖಗಳನ್ನು ಎರಡು ವರ್ಷ ನೆನಪಿಟ್ಟವು ಎಂದು 2001ರಲ್ಲೇ ಇಂಗ್ಲೆಂಡಿನಿಂದ ವರದಿಯಾಗಿತ್ತು. 2017ರಲ್ಲಿ ಕೇಂಬ್ರಿಜ್‌ನವರು ತರಬೇತಿ ಕೊಟ್ಟ ಕುರಿಗಳು ಬರಾಕ್ ಒಬಾಮಾ ಅವರ ಫೋಟೋವನ್ನು ಅಪರಿಚಿತರ ಫೋಟೋದಿಂದ ಬೇರ್ಪಡಿಸಿ ಆರಿಸಿದವು. ಕುರಿಯ ಹಾಗೆ ದಡ್ಡ ಎಂದು ಮಕ್ಕಳಿಗೆ ಬೈಯುವವರು ಸ್ವಲ್ಪ ಯೋಚಿಸಲಿ.

ನಾಯಿಯ ವಿಷಯ ಸುಲಭ. ಮೈದುನ ಬಂದದ್ದು ಬೈಕಿನಲ್ಲಿ, ಹೆಲ್ಮೆಟ್ಟು ಹಾಕಿಕೊಂಡು ಇರಬೇಕು. ಗೇಟಿನಷ್ಟು ದೂರದಿಂದ ನಾಯಿಯ ಕಣ್ಣಿಗೆ ಕಂಡದ್ದು ಬೇರೆಯೇ ಒಂದು ಆಕಾರ. ಗಾಳಿ ಆಚೆ ಬೀಸುತ್ತಿದ್ದರೆ ವಾಸನೆಯೂ ಇಲ್ಲ. ಬೊಗಳುವುದು ಅದರ ಕರ್ತವ್ಯ. ಅವನು ಒಂದು ಮಾತಾಡಿದ ಕೂಡಲೇ, ಅಥವಾ ಮೂಗಿಗೆ ವಾಸನೆ ಸಿಕ್ಕ ಕೂಡಲೇ ಚಿತ್ರ ಪೂರ್ತಿಯಾಯಿತು. ನಾಯಿಗಳಿಗೆ ಯಜಮಾನರ ಧ್ವನಿ ಕೇಳಿದರೆ ಯಾವ ಮುಖ ಕಾಣಬೇಕು ಎಂಬ ನಿರೀಕ್ಷೆಯೂ ಇರುತ್ತದೆ. ಜಪಾನಿನ ಕ್ಯೋಟೋದಲ್ಲಿ 2007ರಲ್ಲಿ ಇದನ್ನು ಪರೀಕ್ಷಿಸಿದಾಗ, ಯಜಮಾನರ ಧ್ವನಿ ಕೇಳಿಸಿ ಬೇರೆಯವರ ಫೋಟೋ ತೋರಿಸಿದರೆ ನಾಯಿಗಳು ಹೆಚ್ಚು ಹೊತ್ತು ದಿಟ್ಟಿಸಿ ನೋಡಿದವು. ವಾಸನೆಯ ಸಂಗತಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ್ದು. ಸ್ಕ್ಯಾನ್ ಯಂತ್ರದಲ್ಲಿ ಅಲುಗದೆ ಮಲಗಲು ಕಲಿತ 12 ನಾಯಿಗಳಿಗೆ ಹಲವು ವಾಸನೆ ಹಿಡಿದರು. ಮಿದುಳಿನಲ್ಲಿ ಒಳ್ಳೆಯದರ ನಿರೀಕ್ಷೆಗೆ ಸಂಬಂಧಿಸಿದ ಭಾಗ ಎಲ್ಲಕ್ಕಿಂತ ಜಾಸ್ತಿ ಚುರುಕಾದದ್ದು ಪರಿಚಿತ ಮನುಷ್ಯನ ವಾಸನೆಗೆ. ಪರಿಚಿತ ನಾಯಿಯ ವಾಸನೆಗೂ ಅಷ್ಟು ಆಗಲಿಲ್ಲ. ಮುಂದಿನ ಸಲ ಮೈದುನ ಗೇಟಿನ ಹೊರಗೇ ಹೆಲ್ಮೆಟ್ಟು ತೆಗೆದು ನಾಯಿಯ ಹೆಸರು ಕೂಗಲಿ.

ಬೆಕ್ಕಿನದು ಬೇರೆ ಜಾತಕ. 2013ರಲ್ಲಿ ಟೋಕಿಯೋದ ಸಂಶೋಧಕರು ಬೆಕ್ಕುಗಳಿಗೆ ಅಪರಿಚಿತರ ಧ್ವನಿ, ನಡುವೆ ಯಜಮಾನರ ಧ್ವನಿ ಕೇಳಿಸಿದರು. ಯಜಮಾನರದ್ದು ಬಂದಾಗ ಕಿವಿ ತಿರುಗಿತು, ತಲೆ ತಿರುಗಿತು. ಎದ್ದು ಬರಲಿಲ್ಲ ಅಷ್ಟೇ. ನಾನು ಕರಾವಳಿಯಲ್ಲಿ ಕೆಲಸ ಮಾಡುವಾಗ ಅಂಕೋಲೆ, ಕಾರವಾರದ ಮನೆಗಳಲ್ಲಿ, ಮೀನು ಮಾರುವ ಅಮ್ಮ ಕೂಗುವ ಮೊದಲೇ ಬೆಕ್ಕು ಮೆಟ್ಟಿಲ ಮೇಲೆ ಹಾಜರಿರುತ್ತಿತ್ತು. ಅವರನ್ನು ಗುರುತಿಸಿತೋ, ಬುಟ್ಟಿಯಲ್ಲಿದ್ದ ಬಂಗಡೆಯನ್ನೋ? ಬಹುಶಃ ಬೆಕ್ಕಿಗೆ ಆ ಎರಡರ ನಡುವೆ ನಾವು ಮಾಡುವಷ್ಟು ಭೇದವಿಲ್ಲ.

ಇದೇ ಮಾತಿಗೆ ಜೇನಿನ ಬಗ್ಗೆಯೂ ಹೇಳಿಬಿಡುತ್ತೇನೆ, ನಮ್ಮ ಕಡೆ ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕಿದವರು ಹುಳಕ್ಕೆ ನಮ್ಮ ಗುರುತಿದೆ ಎನ್ನುವುದುಂಟು. ಜೇನುಹುಳಕ್ಕೆ ಸಕ್ಕರೆ ನೀರಿನ ಆಸೆ ತೋರಿಸಿ ಮನುಷ್ಯರ ಮುಖದ ಫೋಟೋ ಗುರುತಿಸುವುದನ್ನು ಕಲಿಸಬಹುದು ಎಂದು 2005ರಲ್ಲಿ ತೋರಿಸಿದ್ದು ನಿಜ. ಆದರೆ ಕೆಲಸಗಾರ ಹುಳದ ಆಯುಸ್ಸು ದುಡಿಮೆಯ ದಿನಗಳಲ್ಲಿ ಕೆಲವೇ ವಾರ. ಕಳೆದ ಸಲ ಜೇನುತುಪ್ಪ ತೆಗೆದಾಗ ಇದ್ದ ಹುಳ ಈಗ ಪೆಟ್ಟಿಗೆಯಲ್ಲೇ ಇಲ್ಲ. ಸಾಕುವವರಿಗೆ ಕಡಿಮೆ ಕಚ್ಚುವುದು ಅವರ ಕೈ ನಿಧಾನವಾಗಿರುವುದರಿಂದ ಎಂದೇ ನನ್ನ ಅಭಿಪ್ರಾಯ.

ಕೊನೆಗೆ ಗೌರಿಗೇ ವಾಪಸು. ಕರುವಿಗೆ ಎಷ್ಟು ತಿಂಗಳಾಯಿತು, ಆಕಳು ಮತ್ತೆ ಗಬ್ಬವಾಗಿದೆಯೇ ಎಂದು ನೀವು ಬರೆದಿಲ್ಲ. ಗಬ್ಬದ ತಿಂಗಳು ಮುಂದೆ ಹೋಗಿದ್ದರೆ ಹಾಲು ತಾನಾಗಿಯೇ ಇಳಿಯುವ ಕಾಲ ಅದು, ಅದಕ್ಕೆ ನೀವೂ ಕಾರಣವಲ್ಲ, ಸೀರೆಯೂ ಅಲ್ಲ. ಒದೆಯುವ ಆಕಳ ಕೆಚ್ಚಲನ್ನು ಒಮ್ಮೆ ನೋಡಿಬಿಡಿ. ಒಂದು ಮೊಲೆ ಮಾತ್ರ ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ, ಮೊದಲ ಹಾಲಿನಲ್ಲಿ ಗರಣೆ ಕಂಡರೆ ಅದು ಕೆಚ್ಚಲು ಬಾವು. ಮೊಲೆಯ ತುದಿ ಒಡೆದಿದ್ದರೂ ಯಾರು ಕೂತರೂ ಒದೆಯುತ್ತದೆ. ಹಾಗೇನಾದರೂ ಇದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಅಂದೇ ತೋರಿಸಿ. ಅಂಥದ್ದೇನೂ ಇಲ್ಲವೆಂದರೆ ನಾಳೆ ಬೆಳಿಗ್ಗೆ ಬರೀ ಅಕ್ಕಚ್ಚಿನ ಬಕೆಟ್ಟು ಹಿಡಿದು ಹೋಗಿ, ಚೆಂಬು ಒಯ್ಯಬೇಡಿ.